ಗುಡ್ಡದ ಆಚೆ ಯಾರದಾರ್ರೀ?

ಗದಗ-ಬೆಟಗೇರಿಯವರಿಗೆ ಮುಂಡರಗಿ ದೂರದ ಊರೇನಲ್ಲ. ಬಸ್ಸು ಡಂಬಳ ಮುಟ್ಟುವಷ್ಟರಲ್ಲಿ ಪಕ್ಕದ ಸೀಟಿನವರ ಮನೆತನದ ಅರ್ಧ ಕಥೆ ತಿಳಿದಿರುತ್ತದೆ, ಮುಂಡರಗಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಉಳಿದರ್ಧ. ಶಿರಹಟ್ಟಿ, ಲಕ್ಷ್ಮೇಶ್ವರಗಳಂತೂ ಬೀಗರ ಊರು. ಕುಬುಸಕ್ಕೋ ತೊಟ್ಟಿಲಿಗೋ ಹೋಗುವುದು ಬರುವುದು ಇದ್ದೇ ಇರುತ್ತದೆ. ಆದರೆ ಕೈಯಲ್ಲಿ ಐದು ವ್ಯಾಟಿನ ರೇಡಿಯೊ ಸೆಟ್ಟು ಹಿಡಿದವನಿಗೆ ಜಿಲ್ಲೆಯ ನಕಾಶೆಯೇ ಬೇರೆ. ಬಿಂಕದಕಟ್ಟಿ ಕಡೆಯಿಂದ ಹಿಡಿದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಕಪ್ಪತಗುಡ್ಡ ಅಡ್ಡ ಬಿದ್ದಿದೆ. ಶಿರಹಟ್ಟಿ ಅದರ ಒಂದು ಮಗ್ಗುಲಿಗೆ, ಮುಂಡರಗಿ ಇನ್ನೊಂದು ಮಗ್ಗುಲಿಗೆ. 145 ಮೆಗಾಹರ್ಟ್ಸಿನ ಅಲೆ ನೆಟ್ಟಗೆ ಹೋಗುವ ಸ್ವಭಾವದ್ದು. ನಮ್ಮ ಹಾಗೆ ಸುತ್ತಿ ಬಳಸಿ ಮಾತಾಡುವುದು ಅದಕ್ಕೆ ಬರುವುದಿಲ್ಲ. ಗುಡ್ಡ ಸಿಕ್ಕಿತೋ, ಅಲ್ಲಿಗೆ ಅದರ ಪ್ರಯಾಣ ಮುಗಿಯಿತು.

ಈ ವಿದ್ಯೆಯೆಲ್ಲ ನನಗೆ ಬಂದದ್ದು ಕಂಪೌಂಡ್ ಗೋಡೆಯ ಮೇಲಿಂದ. ಆಚೆ ಮನೆಯ ಹುಡುಗ ಬೆಟಗೇರಿಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುತ್ತಾನೆ. ಹಗಲು ಕಂಪನಿಯ ಕೆಲಸ, ರಾತ್ರಿ ತನ್ನದು. ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ವೈರಿನ ತುದಿಯನ್ನು ತೂತಿಗೆ ಚುಚ್ಚಿ ಊರಿಗೂರು ಜೋಡಿಸಿದವನು. ನಿವೃತ್ತನಾದ ಮೇಲೂ ಪಕ್ಕದ ಮನೆಯಲ್ಲಿ ಯಾರ ಲೈನು ಯಾರಿಗೆ ಸೇರಿತು ಎಂಬ ಕುತೂಹಲ ಸತ್ತಿಲ್ಲ. ಅದಕ್ಕೇ ಒಂದು ಮುಂಜಾನೆ ಕೇಳಿದೆ.

"ಏನ್ ತಮ್ಮಾ, ನಡುರಾತ್ರಿ ತನಕಾ ಯಾರ ಜೋಡಿ ಮಾತು? ಲಗ್ನಾ ಗಿಗ್ನಾ ಏನರ ಗೊತ್ತಾಗೇತೇನು?"

"ನಾ ಎಲ್ಲಿ ಮಾತಾಡಿದೆ ಕಾಕಾ? ಮುಂಡರಗಿ ಜೋಡಿ ಶಿರಹಟ್ಟಿ ಮಾತಾಡಾಕತ್ತಿತ್ತು. ಎರಡನ್ನೂ ಬಿಡಸೂದರಾಗ ರಾತ್ರಿ ಹೋತು."

ಹೋಗಿ ನೋಡಿದರೆ ನಾಲ್ಕೂ ಊರು ಅವನ ಟೇಬಲ್ಲಿನ ಮೇಲಿದ್ದವು. ಅಂಗೈಯಗಲದ ನಾಲ್ಕು ರಾಸ್ಪ್‌ಬೆರಿ ಪೈ ಕಂಪ್ಯೂಟರುಗಳು. ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿ ಬಾಲ್‌ಪೆನ್ನಿನಲ್ಲಿ ಬರೆದಿದ್ದ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಪ್ರತಿಯೊಂದಕ್ಕೂ ಒಂದು ಅಗ್ಗದ ಚೀನಾ ಸೆಟ್ಟು, ನಡುವೆ ಒಂದು ಯುಎಸ್‌ಬಿ ಸೌಂಡ್ ಕಾರ್ಡು, ಎರಡು ಸಣ್ಣ ವೈರು. ಸೆಟ್ಟುಗಳಿಗೆ ಆಂಟೆನಾ ಇರಲಿಲ್ಲ, ಬದಲಿಗೆ ಡಮ್ಮಿ ಲೋಡ್ ಹಾಕಿದ್ದ. ಅಂದರೆ ಹೊರಟ ಶಕ್ತಿಯನ್ನೆಲ್ಲ ಅಲ್ಲೇ ಕಾವು ಮಾಡಿ ಮುಗಿಸುವ ಒಂದು ರೆಸಿಸ್ಟರು. ಮಾತು ಕೋಣೆ ದಾಟಬಾರದು ಎಂದು. ಪ್ರಯೋಗ ಮಾಡುತ್ತ ಊರವರ ಕಿವಿ ತಿನ್ನಬಾರದೆಂಬ ಈ ಮರ್ಯಾದೆ ನನಗೆ ಹಿಡಿಸಿತು. ನಮ್ಮಲ್ಲಿ ಮೈಕು ಸಿಕ್ಕವರೆಲ್ಲರಿಗೂ ಒಂದೊಂದು ಡಮ್ಮಿ ಲೋಡ್ ಕೊಡಿಸಬೇಕು.

ಹುಡುಗ ಹ್ಯಾಮ್. ಹವ್ಯಾಸಿ ರೇಡಿಯೊದವ. ಕೇಂದ್ರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದವರು ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡವ. ಹನ್ನೆರಡು ವರ್ಷ ತುಂಬಿದ ಯಾರೂ ಪರೀಕ್ಷೆಗೆ ಕೂರಬಹುದು. ಕೆಳಗಿನ ದರ್ಜೆಯವರ ಕಾಲ್‌ಸೈನ್ ವಿಯು3 ಎಂದು ಶುರುವಾಗುತ್ತದೆ, ಮೇಲಿನವರದು ವಿಯು2 ಎಂದು. ಬೆಂಗಳೂರಿನಲ್ಲಿ ಇದು ಹಳೆಯ ಹುಚ್ಚು. ಅಲ್ಲಿನ ಅಮೆಚೂರ್ ರೇಡಿಯೊ ಕ್ಲಬ್ಬು 1959ರದ್ದು. ಈ ಗಾಳಿಮಾತಿಗೆ ಕಟ್ಟಳೆಗಳು ಬಹಳ. ವ್ಯಾಪಾರ ಮಾಡುವಂತಿಲ್ಲ, ಹಾಡು ಹಾಕುವಂತಿಲ್ಲ, ಗುಪ್ತಭಾಷೆ ಬಳಸುವಂತಿಲ್ಲ, ಆಗಾಗ ತನ್ನ ಕಾಲ್‌ಸೈನ್ ಹೇಳಲೇಬೇಕು. ಮುಂಡರಗಿಯವ ಮೆಣಸಿನಕಾಯಿ ಧಾರಣೆ ಕೇಳಿ ಗದಗ ಎಪಿಎಂಸಿಯವನಿಗೆ ಸೌದಾ ಹೇಳಿದರೆ ಲೈಸೆನ್ಸಿಗೆ ಕುತ್ತು. ಹಾಗಾದರೆ ಏನು ಮಾತಾಡಬೇಕು? ಅದನ್ನೂ ಅಂತರರಾಷ್ಟ್ರೀಯ ರೇಡಿಯೊ ನಿಯಮದಲ್ಲಿ ಬಹುಕಾಲ ಬರೆದಿಟ್ಟಿದ್ದರು. ಪ್ರಯೋಗಕ್ಕೆ ಸಂಬಂಧಿಸಿದ ತಾಂತ್ರಿಕ ಮಾತು, ಅದು ಬಿಟ್ಟರೆ ಸಾರ್ವಜನಿಕ ಫೋನಿಗೆ ದುಡ್ಡು ಹಾಕುವಷ್ಟು ಮಹತ್ವವಿಲ್ಲದ ವೈಯಕ್ತಿಕ ಮಾತು. ಇದನ್ನು ಕೇಳಿದ ದಿನ ನಾನು ಹುಡುಗನಿಗೆ ಅಂದೆ: "ಅಂದ್ರ ಜಗತ್ತಿನ ಸರಕಾರಗಳೆಲ್ಲಾ ಕೂಡಿ ಹರಟಿಗೆ ಲೈಸೆನ್ಸ್ ಕೊಟ್ಟಂಗಾತಲ್ಲೋ! ನಮ್ಮ ಓಣಿಯವ್ರೆಲ್ಲಾ ಪರೀಕ್ಷಾ ಬರೀದನ ಪಾಸು."

ಗುಡ್ಡದ ಅಡ್ಡಿಗೆ ಮದ್ದು ಗುಡ್ಡದಲ್ಲೇ ಇದೆ, ಅದು ಎಲ್ಲ ಹ್ಯಾಮ್‌ಗಳಿಗೂ ಗೊತ್ತು. ತುದಿಯಲ್ಲೊಂದು ರಿಪೀಟರ್ ಇಟ್ಟರಾಯಿತು. ರಿಪೀಟರ್ ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದೇ ಕ್ಷಣ 600 ಕಿಲೋಹರ್ಟ್ಸ್ ಆಚೀಚೆಯ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಎತ್ತರದಲ್ಲಿ ಕೂತದ್ದರಿಂದ ಎರಡೂ ಮಗ್ಗುಲು ಅದಕ್ಕೆ ಕಾಣಿಸುತ್ತವೆ. ಆದರೆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಗಣಿಯ ವಿರುದ್ಧ ಜನ ಅಷ್ಟು ಹೋರಾಡಿ ಉಳಿಸಿಕೊಂಡ ಗುಡ್ಡದ ನೆತ್ತಿಗೆ ನಾಲ್ಕು ಮಂದಿಯ ಹರಟೆಗಾಗಿ ಕಂಬ ನೆಡುವುದು ಬೇಡ. ಇದರಲ್ಲಿ ನಾನೂ ಹುಡುಗನೂ ಒಂದೇ ಪಕ್ಷ. ಇನ್ನೂ ಎತ್ತರ ಬೇಕೆಂದರೆ ಆಕಾಶವೇ ಗತಿ. ಅದನ್ನೂ ನಮ್ಮವರು ಮಾಡಿದ್ದರು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿಯಲ್ಲಿ ಹೋದ ಇಸ್ರೋದ ಹ್ಯಾಮ್‌ಸ್ಯಾಟ್ 42.5 ಕಿಲೋ ತೂಕದ್ದು. ಅದರೊಳಗಿನ ಎರಡು ಮರುಪ್ರಸಾರ ಪೆಟ್ಟಿಗೆಗಳಲ್ಲಿ ಒಂದು ಇಲ್ಲಿಯದು, ಇನ್ನೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿ ಮಾಡಿದ್ದು. 2014ರವರೆಗೆ ದುಡಿಯಿತು. ಆದರೆ ಅಂಥ ಉಪಗ್ರಹ ನಮ್ಮ ನೆತ್ತಿಯ ಮೇಲೆ ಒಂದು ಸಲಕ್ಕೆ ಇರುವುದೇ ಹತ್ತು ಹದಿನೈದು ನಿಮಿಷ. ಉತ್ತರ ಕರ್ನಾಟಕದವರಿಗೆ ಹದಿನೈದು ನಿಮಿಷ ಅಂದರೆ ಕ್ಷೇಮಸಮಾಚಾರಕ್ಕೂ ಸಾಲದು.

ಉಳಿದದ್ದು ಮೂರನೆಯ ದಾರಿ. ಊರಿಗೊಂದು ಸಣ್ಣ ರಿಪೀಟರ್ ಅಥವಾ ಸಾದಾ ಸ್ಟೇಷನ್. ಅವುಗಳನ್ನು ಗುಡ್ಡದ ಮೇಲಿಂದಲ್ಲದೆ ಇಂಟರ್‌ನೆಟ್ಟಿನ ಒಳಗಿನಿಂದ ಜೋಡಿಸುವುದು. ಶಿರಹಟ್ಟಿಯವ ಗುಂಡಿ ಒತ್ತಿ ಮಾತಾಡಿದರೆ ಅಲ್ಲಿನ ಪೆಟ್ಟಿಗೆ ಅದನ್ನು ತುಣುಕು ಮಾಡಿ ಕಳಿಸುತ್ತದೆ, ಮುಂಡರಗಿಯ ಪೆಟ್ಟಿಗೆ ಜೋಡಿಸಿ ಗಾಳಿಗೆ ಬಿಡುತ್ತದೆ.

ಇದನ್ನು ಕೇಳಿದ ವೈನಿ, ಹುಡುಗನ ತಾಯಿ, ಬಟ್ಟೆ ಒಣಹಾಕುತ್ತಿದ್ದವರು ಅಲ್ಲಿಂದಲೇ ಕೇಳಿದರು: "ಅದಕ್ಕ ಮೊಬೈಲ್ ಇಲ್ಲೇನು?"

ಈ ಪ್ರಶ್ನೆ ಕೇಳದ ಹ್ಯಾಮ್‌ನ ತಾಯಿ ಜಗತ್ತಿನಲ್ಲೇ ಇರಲಿಕ್ಕಿಲ್ಲ. ಹುಡುಗ ಸಿದ್ಧ ಉತ್ತರ ಕೊಟ್ಟ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ರೇಡಿಯೊ ಆಡಲಿಕ್ಕೆಂದು ಅಂಡಮಾನಿಗೆ ಹೋಗಿದ್ದರು, 26ರಂದು ಸುನಾಮಿ ಬಂತು, ದ್ವೀಪದ ಸುದ್ದಿ ಹೊರಗೆ ಮುಟ್ಟಿಸಲು ಅವರ ಸ್ಟೇಷನ್ನೇ ಆಸರೆಯಾಯಿತು ಇತ್ಯಾದಿ. ಕಥೆ ನಿಜ, ಅವರ ಸಾಹಸ ದೊಡ್ಡದು. ಆದರೆ ಟ್ರಂಕ್ ಎಕ್ಸ್‌ಚೇಂಜಿನ ಹುಳ ನನ್ನ ತಲೆಯಲ್ಲಿ ಕೊರೆಯಿತು.

"ಅವ್ರು ಇಂಟರ್‌ನೆಟ್ ಹಿಡಕೊಂಡು ಕುಂತಿದ್ದಿಲ್ಲ ತಮ್ಮಾ. ಸಣ್ಣಲೆಯೊಳಗ ನೆಟ್ಟಗ ಮಾತಾಡಿದ್ರು. ನಿಂದು ನೆಟ್ ಹೋತಂದ್ರ ಲಿಂಕೂ ಹೋತು. 2019ರಾಗ ಮಲಪ್ರಭಾ ಕೊಣ್ಣೂರಿನ್ಯಾಗ ಹೊಕ್ಕಾಗ ಕರೆಂಟು, ಟವರು ಎಲ್ಲಾ ಕೈಕೊಟ್ರ ನಿನ್ನ ಪೆಟಗಿ ಏನ್ ಮಾಡ್ತಿತ್ತು?"

ಹುಡುಗ ಸಿಟ್ಟಾಗಲಿಲ್ಲ. ಲಿಂಕು ಹೋದರೂ ಊರೊಳಗಿನ ರಿಪೀಟರ್ ನಿಲ್ಲಬಾರದು, ಬ್ಯಾಟರಿಯ ಮೇಲೆ ತನ್ನಷ್ಟಕ್ಕೆ ತಾನು ನಡೆಯಬೇಕು. ಪ್ರೋಗ್ರಾಮು ಬರೆಯುವಾಗ ನೋಡಬೇಕಾದ ಮೊದಲ ಮಾತೇ ಅದು ಎಂದ. ಆಚೆ ಕಡೆಯವರು ಉತ್ತರ ಕೊಡದಿದ್ದರೆ ಕಾಯುತ್ತ ಕೂರಬಾರದು. ಮತ್ತೆ ಮತ್ತೆ ಸದ್ದಿಲ್ಲದೆ ಬಾಗಿಲು ತಟ್ಟುತ್ತ, ಈಚೆ ಕಡೆಯ ಮಾತು ನಡೆಸುತ್ತಿರಬೇಕು. ಲಿಂಕು ಬಂದಾಗ ಬಂತು. ಉತ್ತರ ಒಪ್ಪಿಗೆಯಾಯಿತು. ವೈನಿಗೆ ಆಗಲಿಲ್ಲ, ಅದು ಬೇರೆ.

ಇನ್ನು ಆ ರಾತ್ರಿಯ ಜಗಳ. ಇದನ್ನು ತುಸು ನಿಧಾನವಾಗಿ ಹೇಳಬೇಕು, ಇಡೀ ಸಾಫ್ಟ್‌ವೇರಿನ ಮರ್ಮ ಇಲ್ಲಿದೆ. ದನಿಯನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸುವುದು ಈಗ ಕಷ್ಟದ ಕೆಲಸವೇ ಅಲ್ಲ. ಯಾರಾದರೂ ಮಾತಾಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದು ಕಷ್ಟ. ಸೆಟ್ಟಿನ ಗುಂಡಿ ಬಿಟ್ಟ ಕೂಡಲೇ ರಿಪೀಟರ್ ಗಪ್ಪಾಗುವುದಿಲ್ಲ. ಮಾತು ಮುಗಿದ ಮೇಲೂ ಒಂದೆರಡು ಸೆಕೆಂಡು ಬರೀ ಕ್ಯಾರಿಯರ್ ಅಲೆ ಬಿಟ್ಟುಕೊಂಡಿರುತ್ತದೆ, ಅದಕ್ಕೆ ಟೇಲ್ ಅನ್ನುತ್ತಾರೆ. ಎದುರಿನವರಿಗೆ ತಾನು ಕೇಳಿಸುತ್ತಿದ್ದೇನೆ ಎಂದು ಗೊತ್ತಾಗಲು ಅದು ಬೇಕು. ಈಗ ಶಿರಹಟ್ಟಿಯ ಲಿಂಕ್ ಪೆಟ್ಟಿಗೆ ಈ ಬಾಲವನ್ನೇ 'ಯಾರೋ ಮಾತಾಡುತ್ತಿದ್ದಾರೆ' ಎಂದು ತಿಳಿಯಿತು ಅನ್ನಿ. ಏನೂ ಇಲ್ಲದ ಮೌನವನ್ನು ಮುಂಡರಗಿಗೆ ಕಳಿಸುತ್ತದೆ. ಮುಂಡರಗಿಯ ರಿಪೀಟರ್ ಎದ್ದು ಆ ಮೌನವನ್ನು ಪ್ರಸಾರ ಮಾಡಿ, ಕೊನೆಗೆ ತನ್ನ ಬಾಲ ಸೇರಿಸುತ್ತದೆ. ಆ ಬಾಲ ಕೇಳಿ ಮುಂಡರಗಿಯ ಪೆಟ್ಟಿಗೆ 'ಓಹೋ ಯಾರೋ ಬಂದರು' ಎಂದು ಶಿರಹಟ್ಟಿಗೆ ಕಳಿಸುತ್ತದೆ. ಶಿರಹಟ್ಟಿ ಮತ್ತೆ ಏಳುತ್ತದೆ. ಬೀಗರನ್ನು ಗೇಟಿನ ತನಕ ಕಳಿಸಲು ಹೋದವರು "ಬರ್ತೀವ್ರಿ", "ಹೂಂ, ಹೋಗಿ ಬರ್ರಿ", "ಬರ್ತೀವ್ರೀ ಹಂಗಾರ", "ನೀವೂ ಬರ್ರಿ" ಅನ್ನುತ್ತ ತಾಸುಗಟ್ಟಲೆ ನಿಲ್ಲುತ್ತಾರಲ್ಲ, ಥೇಟ್ ಅದೇ. ಯಾರೂ ಹೊರಡುವುದಿಲ್ಲ, ಹೇಳುವುದೂ ಏನಿಲ್ಲ. ಅವತ್ತು ರಾತ್ರಿ ಎರಡು ಸೆಟ್ಟುಗಳು ಹೀಗೆ ಒಂದಕ್ಕೊಂದು ಮೌನ ಕಳಿಸುತ್ತ ಕಾದು ಕೆಂಡವಾಗಿದ್ದವು.

ಇದಕ್ಕೆ ಮದ್ದು ಹಳೆಯದೇ. ಮನುಷ್ಯರ ಮಾತಿನ ಕೆಳಗೆ, ಕಿವಿಗೆ ಬೀಳದ ಹಾಗೆ, ಒಂದು ಸಣ್ಣ ಗುಂಯ್‌ಗುಡುವ ಸ್ವರ ಸೇರಿಸುವುದು. 88.5 ಹರ್ಟ್ಸ್ ಎನ್ನಿ. ಸೆಟ್ಟಿನ ಸ್ಪೀಕರಿನಲ್ಲಿ ಸುಮಾರು 300 ಹರ್ಟ್ಸ್‌ನ ಕೆಳಗಿನದನ್ನು ಸೋಸಿಬಿಡುವುದರಿಂದ ನಮಗೆ ಕೇಳಿಸುವುದಿಲ್ಲ, ಪೆಟ್ಟಿಗೆಗೆ ಕೇಳಿಸುತ್ತದೆ. ರಿಪೀಟರ್ ನಿಜವಾಗಿ ಯಾರೋ ಮಾತಾಡುವಾಗ ಮಾತ್ರ ಈ ಸ್ವರ ಹಾಕಬೇಕು, ಬಾಲಕ್ಕೆ ಹಾಕಬಾರದು. ಲಿಂಕ್ ಪೆಟ್ಟಿಗೆ ಸ್ವರ ಇದ್ದರೆ ಮಾತ್ರ ಕಿವಿ ತೆರೆಯಬೇಕು. ಹುಡುಗ ಮಾಡಿದ್ದೂ ಇಷ್ಟೇ. ಆಮೇಲೆ ಶಿರಹಟ್ಟಿ, ಮುಂಡರಗಿ ತಮ್ಮ ತಮ್ಮ ಮನೆಗೆ ಹೋದವು.

ಇಂಥ ಜೋಡಣೆ ಹೊಸದಲ್ಲ. 1997ರಲ್ಲಿ ಕೆನಡಾದ ಡೇವಿಡ್ ಕ್ಯಾಮರನ್ ರಿಪೀಟರುಗಳನ್ನು ಇಂಟರ್‌ನೆಟ್ಟಿಗೆ ಕಟ್ಟಿದರು. 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ಮಾಡಿದ ಎಕೋಲಿಂಕ್ ಬಂತು. ಹ್ಯಾಮ್‌ಗಳಲ್ಲಿ ಅದನ್ನು ಅರಿಯದವರಿಲ್ಲ. ಪುಕ್ಕಟೆ ಸಿಗುತ್ತದೆ, ಚೆನ್ನಾಗಿಯೂ ಇದೆ, ಆದರೆ ಒಳಗೇನಿದೆ ಎಂದು ತೆಗೆದು ನೋಡುವಂತಿಲ್ಲ. ನನಗೆ ಬಹಳ ಸೇರಿದ್ದು ಜಿಮ್ ಡಿಕ್ಸನ್ ಎಂಬ ಅಮೆರಿಕದವರ ಕಥೆ. ಆಸ್ಟರಿಸ್ಕ್ ಎಂಬ ಟೆಲಿಫೋನ್ ಎಕ್ಸ್‌ಚೇಂಜಿನ ಮುಕ್ತ ಸಾಫ್ಟ್‌ವೇರಿಗೆ ಅವರು ರಿಪೀಟರನ್ನೇ ಒಂದು ಎಕ್ಸ್‌ಟೆನ್ಷನ್ ಮಾಡಿ ಸೇರಿಸಿಬಿಟ್ಟರು. ಇವತ್ತು ಜಗತ್ತಿನ ಎಷ್ಟೋ ಗುಡ್ಡಗಳ ಮೇಲೆ ಅದೇ ನಡೆಯುತ್ತಿದೆ. ಅವರು ತೀರಿಕೊಂಡದ್ದು 2016ರಲ್ಲಿ. ನಮ್ಮ ಎಕ್ಸ್‌ಚೇಂಜುಗಳೆಲ್ಲ ಗುಜರಿಗೆ ಹೋದವು, ಅವುಗಳ ಬುದ್ಧಿ ಮಾತ್ರ ಹೀಗೆ ಗುಡ್ಡ ಹತ್ತಿ ಕೂತಿದೆ ಎಂದು ಕೇಳಿ ಆ ದಿನ ಎರಡು ಸಲ ಚಹಾ ಕುಡಿದೆ.

ಹುಡುಗ ಹಿಡಿದದ್ದು ಮಾತ್ರ ಸ್ವೀಡನ್ನಿನ ಟೋಬಿಯಸ್ ಬ್ಲೊಮ್‌ಬೆರ್ಗ್ ಅವರ ಎಸ್‌ವಿಎಕ್ಸ್‌ಲಿಂಕ್. ಅವರ ಕಾಲ್‌ಸೈನ್ ಎಸ್‌ಎಂ0ಎಸ್‌ವಿಎಕ್ಸ್, ಅದರ ಬಾಲವೇ ಸಾಫ್ಟ್‌ವೇರಿನ ಹೆಸರು. ಜಿಪಿಎಲ್ ಲೈಸೆನ್ಸಿನದು: ಯಾರೂ ತೆಗೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚುವಾಗ ಬೇರೆಯವರಿಗೂ ತೆಗೆದು ನೋಡಲು ಕೊಡಬೇಕು. ಅಂಗೈಯಗಲದ ಪೆಟ್ಟಿಗೆಯಲ್ಲಿ ಕೂರುವಷ್ಟು ಹಗುರ. ಬೇಕಾದರೆ ಎಕೋಲಿಂಕಿನ ಜೊತೆಗೂ ಮಾತಾಡುತ್ತದೆ.

"ತಯಾರ ಸಿಗೋದನ್ನ ತಂದು ಹಾಕೋದು ಬಿಟ್ಟು ಯಾಕ ಇಷ್ಟು ಒದ್ದಾಟ?" ಎಂದೆ.

"ಕಾಕಾ, ನಮ್ಮ ವೋಲ್ಟೇಜು ಸ್ವೀಡನ್ನಿನ್ಯಾಗ ಎಲ್ಲಿ ಐತಿ?" ಎಂದ. ಒಂದೇ ಮಾತು, ಆದರೆ ಒಳಗೆ ಬಹಳ ಇದೆ. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಲೈನಿನಲ್ಲಿ ಬರುವ ಕಿರಿಕಿರಿ, ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರು ನಮ್ಮ 145 ಮೆಗಾಹರ್ಟ್ಸಿನ ಅಲೆಯ ಮೇಲೆ ಉಗುಳುವ ಗದ್ದಲ, ಕರೆಂಟು ಹೋಗಿ ಬಂದಾಗ ಒಮ್ಮೆಲೇ ಏಳುವ ನಾಲ್ಕು ಪೆಟ್ಟಿಗೆ. ಇವನ್ನೆಲ್ಲ ಮಾತು ಎಂದು ತಿಳಿಯಬಾರದು ಎಂದು ಆ ಪ್ರೋಗ್ರಾಮಿಗೆ ಇಲ್ಲಿಯವರೇ ಕಲಿಸಬೇಕು. ತೆಗೆದು ನೋಡಲು ಬಾರದ ಸಾಫ್ಟ್‌ವೇರಾದರೆ ಪಂಪ್‌ಸೆಟ್ಟಿನ ಸದ್ದು ಹೀಗಿರುತ್ತದೆ ಎಂದು ಯಾರ ಬಾಗಿಲಿಗೆ ಹೋಗಿ ಹೇಳುವುದು? ಡಿಜಿಟಲ್ ಸೆಟ್ಟುಗಳಲ್ಲಿ ಈ ಗೋಳು ಇನ್ನೂ ಹೆಚ್ಚು. ಅವುಗಳಲ್ಲಿ ಬಹಳಷ್ಟರ ದನಿ ಹಿಂಡುವ ಸೂತ್ರ ಒಂದು ಕಂಪನಿಯ ಚಿಪ್ಪಿನೊಳಗೆ ಬೀಗ ಹಾಕಿಕೊಂಡಿತ್ತು. ಆಸ್ಟ್ರೇಲಿಯಾದ ಡೇವಿಡ್ ರೋ ಎಂಬ ಹ್ಯಾಮ್ ಅದಕ್ಕೆ ಬದಲಾಗಿ ಕೊಡೆಕ್2 ಎಂಬ ಮುಕ್ತ ಸೂತ್ರ ಬರೆದದ್ದು ಈ ಬೇಸರದಿಂದಲೇ. ಗಾಳಿಯಲ್ಲಿ ಗುಪ್ತಭಾಷೆ ಬೇಡ ಎನ್ನುವ ಹವ್ಯಾಸದವರು ಒಳಗೆ ನೋಡಲಾಗದ ಚಿಪ್ಪು ಹಿಡಿದು ಮಾತಾಡುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ದನಿಯ ವಿಷಯ ಬಂತು. ಎಕೋಲಿಂಕ್ ಕಾಲದ ಪದ್ಧತಿಯಲ್ಲಿ ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, 20 ಮಿಲಿಸೆಕೆಂಡಿನ ಒಂದೊಂದು ತುಣುಕನ್ನು 33 ಬೈಟಿಗೆ ಹಿಂಡಿ, ನಾಲ್ಕು ತುಣುಕು ಒಂದು ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಹಳೆಯ ಮೊಬೈಲ್ ಫೋನಿನ ಜಿಎಸ್‌ಎಂ ಸೂತ್ರವೇ ಅದು. ಪೊಟ್ಟಣಗಳು ದಾರಿಯಲ್ಲಿ ಹಿಂದುಮುಂದಾಗುತ್ತವೆ, ಕೆಲವು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಮುಂಡರಗಿಯ ಪೆಟ್ಟಿಗೆ ಬಂದದ್ದನ್ನು ಒಡನೆ ಊದುವುದಿಲ್ಲ, ತುಸು ಕೂಡಿಟ್ಟುಕೊಂಡು ಸಾಲು ಹಚ್ಚಿ ಹೊರಬಿಡುತ್ತದೆ. ಇದೆಲ್ಲ ಸೇರಿ ಅರ್ಧ ಸೆಕೆಂಡಿನಷ್ಟು ತಡ ಆಗಿಬಿಡುತ್ತದೆ. ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಮಾತು ತೆಗೆಯಬೇಕು. ನಮ್ಮವರು ಗುಂಡಿ ಒತ್ತುವ ಮೊದಲೇ ಅರ್ಧ ಮಾತು ಮುಗಿಸಿರುತ್ತಾರೆ. ಹುಡುಗ ನನ್ನ ಕೈಗೆ ಲಕ್ಷ್ಮೇಶ್ವರದ ಸೆಟ್ಟು ಕೊಟ್ಟು ಪರೀಕ್ಷೆ ಮಾಡಿದಾಗ, "ಏನ್ರೀ ಆರಾಮದೀರೇನು" ಎಂದು ಕಳಿಸಿದ್ದು ಗದಗಿನ ಸೆಟ್ಟಿನಲ್ಲಿ "ದೀರೇನು" ಎಂದಷ್ಟೇ ಬಂತು.

ಇನ್ನೊಂದು ಕಲಿಯಬೇಕಾದ್ದು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ತಟ್ಟನೆ ಶುರು ಮಾಡದೆ ನಡುವೆ ಸಂದು ಬಿಡುವುದು. ಆ ಸಂದಿನಲ್ಲೇ ಮೂರನೆಯವ ತನ್ನ ಕಾಲ್‌ಸೈನ್ ತೂರಿಸಬೇಕು, ಲಿಂಕು ಬಿಡಿಸುವ ಅಂಕಿಗಳನ್ನು ಒತ್ತಬೇಕು, ತುರ್ತು ಇದ್ದವ ಹೇಳಬೇಕು. ಸಾಫ್ಟ್‌ವೇರು ಇದಕ್ಕಾಗಿ ಕಾಯುತ್ತದೆ, ಜನ ಕಾಯಬೇಕಲ್ಲ? ಒಬ್ಬರ ಮಾತಿನ ಬಾಲ ಹಿಡಿದೇ ಇನ್ನೊಬ್ಬರು ಮಾತು ತೆಗೆಯುವ ಜಿಲ್ಲೆ ನಮ್ಮದು. ನಮ್ಮ ಕಟ್ಟೆಯ ಮೇಲೆ ಐವರು ಕೂತರೆ ಆರು ಮಾತು ಏಕಕಾಲಕ್ಕೆ ನಡೆಯುತ್ತವೆ, ಎಲ್ಲರಿಗೂ ಎಲ್ಲವೂ ತಿಳಿದಿರುತ್ತದೆ. ಅರ್ಧ ಸೆಕೆಂಡು ಸುಮ್ಮನಿರು ಎಂದು ಕಲಿಸುವ ಪ್ರೋಗ್ರಾಮನ್ನು ಯಾವ ಭಾಷೆಯಲ್ಲಿ ಬರೆಯುತ್ತಾರೋ ಕಾಣೆ.

ಯಂತ್ರಗಳಿಗಾದರೂ ಶಿಸ್ತು ಇರಲಿ ಎಂದು ಹುಡುಗ ನಾಲ್ಕೂ ಊರನ್ನು ಒಂದಕ್ಕೊಂದು ನೇರ ಕಟ್ಟಲಿಲ್ಲ. ಹಾಗೆ ಕಟ್ಟಿದರೆ ಗದಗಿನ ಮಾತು ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಂದ ಮುಂಡರಗಿಗೆ ಹಾರಿ, ಮುಂಡರಗಿಯಿಂದ ಮತ್ತೆ ಗದಗಕ್ಕೆ ಬಂದು ತನ್ನನ್ನೇ ಮಾತಾಡಿಸುವ ಗಂಡಾಂತರ ಉಂಟು. ಅದಕ್ಕೆ ನಡುವೆ ರಿಫ್ಲೆಕ್ಟರ್ ಎಂಬುದನ್ನು ಕೂರಿಸಿದ್ದಾನೆ. ನಾಲ್ಕೂ ಊರು ಅದಕ್ಕಷ್ಟೇ ಸೇರುತ್ತವೆ. ಒಬ್ಬರು ಮಾತಾಡುವಾಗ ಅದು ಉಳಿದ ಮೂವರಿಗೆ ಹಂಚುತ್ತದೆ, ಎರಡನೆಯವ ನಡುವೆ ಬಾಯಿ ಹಾಕಿದರೆ ಬಿಡುವುದಿಲ್ಲ.

"ಅಂದ್ರ ನಡುವ ಕುಂತಾಂವ ಟ್ರಂಕ್ ಆಪರೇಟರ್" ಎಂದೆ.

"ಹೌದ್ರಿ ಕಾಕಾ, ಆದ್ರ ಇಂವಾ ಕದ್ದು ಕೇಳಂಗಿಲ್ಲ."

ನನ್ನ ಇಡೀ ಸೇವಾವಧಿಯ ಮೇಲೆ ಈ ಮಾತು ಬಂದು ಬಿತ್ತು. ಉತ್ತರ ಕೊಡುವ ಬದಲು ಗಿಡಕ್ಕೆ ನೀರು ಹಾಕಲು ಹೋದೆ.

ಒಂದು ಸಂಜೆ ನಮ್ಮ ಓಣಿಯ ಸಂಗೀತದ ಮಾಸ್ತರು ಬಂದಿದ್ದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣುವುದಿಲ್ಲ, ಕಿವಿಯ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಹುಡುಗ ಹೆಮ್ಮೆಯಿಂದ ನಾಲ್ಕೂ ಸೆಟ್ಟು ಕೇಳಿಸಿದ. ಮಾಸ್ತರು ತಲೆ ವಾರೆ ಮಾಡಿ ಕೇಳಿ ಹೇಳಿದರು: "ಇದು ಯಾವ ಊರು? ಶಿರಹಟ್ಟಿಯೇನು? ಮೂಗಿನ್ಯಾಗ ಮಾತಾಡತೈತಿ, ಬರೀ ಚೀರು ದನಿ. ಲಕ್ಷ್ಮೇಶ್ವರ ಬಾಯಾಗ ಎಲಿ-ಅಡಿಕಿ ಹಾಕ್ಕೊಂಡೈತಿ. ಗದಗೊಂದು ಮನಶ್ಯಾರಂಗ ಐತಿ ನೋಡು."

ಹುಡುಗ ಪೆಚ್ಚಾದ. ಮಾಸ್ತರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಎಫ್‌ಎಂ ಸೆಟ್ಟುಗಳು ಮಾತನ್ನು ಕಳಿಸುವಾಗ ಅದರ ತಾರಸ್ವರಗಳನ್ನು ಏರಿಸಿ ಕಳಿಸುತ್ತವೆ, ಕೇಳುವ ಸೆಟ್ಟು ಅಷ್ಟನ್ನೇ ಇಳಿಸಿ ಸಮ ಮಾಡುತ್ತದೆ. ಗದ್ದಲ ಕಡಿಮೆ ಕೇಳಲೆಂದು ಈ ಏರ್ಪಾಡು. ಶಿರಹಟ್ಟಿಯ ಸೆಟ್ಟಿನಲ್ಲಿ ವೈರನ್ನು ಈ ಇಳಿಸುವ ಹಂತದ ಮೊದಲೇ ತೆಗೆದಿದ್ದ. ಏರಿಸಿದ್ದು ಏರಿಸಿದ ಹಾಗೇ ಉಳಿದು ದನಿ ಚೀರುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಸ್ಪೀಕರಿನಿಂದ ತೆಗೆದಿದ್ದ, ಜೊತೆಗೆ ಸಾಫ್ಟ್‌ವೇರಿಗೂ ಇಳಿಸು ಎಂದು ಹೇಳಿದ್ದ. ಎರಡು ಸಲ ಇಳಿದು ಮಾತು ಮುದ್ದೆಯಾಗಿತ್ತು. ಅಳತೆಯ ಯಂತ್ರ ಹಿಡಿದು ಹುಡುಕಬೇಕಾದ್ದನ್ನು ಮಾಸ್ತರು ಒಂದು ಕಪ್ ಚಹಾ ಆರುವುದರೊಳಗೆ ಹೇಳಿದರು. ಆಮೇಲೆ ಹುಡುಗ ಒಂದೊಂದು ಅಂಕಿ ತಿದ್ದುವುದು, ಅವರು "ಇನ್ನೂ ಒಂದು ಎಳಿ ಇಳಸು" ಅನ್ನುವುದು, ಹೀಗೆ ಕತ್ತಲಾಗುವ ತನಕ ನಡೆಯಿತು. ಕೊನೆಗೆ ಅವರೇ ಕೇಳಿದರು, ಈ ಲೈಸೆನ್ಸು ನಮಗೂ ಕೊಡತಾರೇನು ಎಂದು. ಕಣ್ಣು ಕಾಣದ ಹ್ಯಾಮ್‌ಗಳು ಜಗತ್ತಿನ ತುಂಬ ಇದ್ದಾರೆ ಎಂದು ಹುಡುಗ ಹೇಳಿದಾಗ, "ಇರಲಾರದ ಏನು, ಇದು ಕಿವಿ ಕೆಲಸ ಅಲ್ಲೇನು" ಎಂದು ಎದ್ದರು. ಈಗ ಹುಡುಗ ಅವರಿಗೆ ಪರೀಕ್ಷೆಯ ಪಾಠ ಓದಿ ಹೇಳುತ್ತಿದ್ದಾನೆ.

ಸದ್ಯಕ್ಕೆ ಕೆಲಸ ನಿಂತಿರುವುದು ಗಡಿಯಾರದಲ್ಲಿ. ಎಸ್‌ವಿಎಕ್ಸ್‌ಲಿಂಕ್ ಆಗಾಗ ತನ್ನ ಹೆಸರನ್ನೂ ಸಮಯವನ್ನೂ ಗಾಳಿಯಲ್ಲಿ ಹೇಳುವಂತೆ ಮಾಡಬಹುದು. ಅದಕ್ಕೆ ಬೇಕಾದ ದನಿಯ ತುಣುಕುಗಳು ಬೇರೆ ಕಡತದಲ್ಲಿರುತ್ತವೆ. ಇಂಗ್ಲಿಷಿನ ತುಣುಕು ತೆಗೆದು ಯಾವ ಭಾಷೆಯದನ್ನೂ ಹಾಕಬಹುದು. ಹುಡುಗ ಕನ್ನಡ ಹಾಕುತ್ತೇನೆಂದು ಹೊರಟ. ಇಂಗ್ಲಿಷಿನಲ್ಲಿ ಟ್ವೆಂಟಿ ಒಂದು ತುಣುಕು, ಒನ್ ಒಂದು ತುಣುಕು, ಅಂಟಿಸಿದರೆ ಟ್ವೆಂಟಿ ಒನ್. ಕನ್ನಡದಲ್ಲಿ ಹಾಗೆ ಮಾಡಿದರೆ "ಇಪ್ಪತ್ತು... ಒಂದು" ಎಂದು ಎರಡು ಬೇರೆ ಸಾಮಾನು ಎಣಿಸಿದ ಹಾಗೆ ಕೇಳುತ್ತದೆ. ಇಪ್ಪತ್ತೊಂದು, ಮೂವತ್ತೇಳು, ನಲವತ್ತಾರು ಎಲ್ಲವೂ ಇಡಿ ಇಡಿಯಾಗಿಯೇ ಬೇಕು. ಒಂದರಿಂದ ಐವತ್ತೊಂಬತ್ತರವರೆಗೆ ಪ್ರತ್ಯೇಕ ದನಿ ಹಿಡಿಯಬೇಕಾಯಿತು. ಅಷ್ಟಕ್ಕೆ ಮುಗಿಯಲಿಲ್ಲ. ವೈನಿ ಬಿಡಬೇಕಲ್ಲ.

"ಒಂಬತ್ತು ಗಂಟಿ ನಲವತ್ತೈದು ನಿಮಿಷ ಅಂತ ಯಾರ್ ಅಂತಾರಲೇ? ಪಾವಣೆ ಹತ್ತು ಅನ್ನು."

ಪಾವಣೆ ಹತ್ತು ಅನ್ನಬೇಕಾದರೆ ಯಂತ್ರ ಒಂಬತ್ತನ್ನು ಮರೆತು ಮುಂದಿನ ಹತ್ತನ್ನು ಹಿಡಿಯಬೇಕು. ಹದಿನೈದಕ್ಕೆ ಸವ್ವಾ. ಮೂವತ್ತಕ್ಕೆ ಮೂರೂವರಿ, ನಾಕೂವರಿ. ಆದರೆ ನಮ್ಮಾಕಿಯ ಪ್ರಕಾರ ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಅನ್ನದಿದ್ದರೆ ಅದು ಗಡಿಯಾರವೇ ಅಲ್ಲ. ಸ್ವೀಡನ್ನಿನವರ ನೀಟಾದ ಪ್ರೋಗ್ರಾಮಿನೊಳಗೆ ಹುಡುಗ ಒಂದೊಂದೇ 'ಇದ್ದರೆ-ಇಲ್ಲದಿದ್ದರೆ' ತುರುಕುತ್ತ ಹೋದ. ಎಲ್ಲ ಸರಿಹೋದರೆ ತಿದ್ದಿದ್ದನ್ನು ಎಲ್ಲರಿಗೂ ಬಿಟ್ಟುಕೊಡುತ್ತಾನಂತೆ. ಯಾವ ದೇಶದ ಹ್ಯಾಮ್ ಅದನ್ನು ತೆಗೆದು ನೋಡಿದರೂ ಒಂದೂವರೆಗೆ ಈ ಊರವರಿಗೆ ಯಾಕೆ ಬೇರೆ ಲೆಕ್ಕ ಎಂದು ತಲೆ ಕೆರೆದುಕೊಳ್ಳುವುದು ಖಂಡಿತ.

ಇನ್ನು ದನಿ ಯಾರದು? ಮೊದಲು ನಾಲ್ಕೂ ಊರಿಗೆ ವೈನಿಯ ದನಿಯೇ ಎಂದಾಗಿತ್ತು. ವೈನಿಯ ತವರು ಮುಂಡರಗಿ. ನಮ್ಮಾಕಿ ಲಕ್ಷ್ಮೇಶ್ವರದವಳು; ಪಂಪನ ಹೆಸರಿನೊಂದಿಗೆ ಕೂಡಿದ ಪುಲಿಗೆರೆಯ ಕನ್ನಡ ತನ್ನದು, ತನ್ನೂರಿನ ಪೆಟ್ಟಿಗೆಯಿಂದ ಮುಂಡರಗಿಯವರ ದನಿ ಬರುವುದು ಹೇಗೆ ಎಂದು ಪ್ರಶ್ನೆ ಎತ್ತಿದಳು. ಅಲ್ಲಿಗೆ ಊರಿಗೊಂದು ದನಿ ಎಂದು ತೀರ್ಮಾನ. ಲಕ್ಷ್ಮೇಶ್ವರ ನಮ್ಮಾಕಿಯದು, ಮುಂಡರಗಿ ವೈನಿಯದು, ಗದಗ-ಬೆಟಗೇರಿ ಸಂಗೀತದ ಮಾಸ್ತರದು. ಅವರು ಹನ್ನೆರಡು ಗಂಟೆಯನ್ನು ಮಾತ್ರ ತುಸು ಎಳೆದು ಹೇಳುತ್ತಾರೆ. ಶಿರಹಟ್ಟಿಗೆ ಯಾರೂ ಸಿಕ್ಕಿರಲಿಲ್ಲ. ಸಾಫ್ಟ್‌ವೇರಿನ ಜೊತೆಗೆ ಸಿಗುವ ಅಮೆರಿಕದ ಹೆಣ್ಣುದನಿಯೇ ಅಲ್ಲಿ ಉಳಿದುಕೊಂಡು, ಫಕೀರೇಶ್ವರ ಮಠದ ಊರಿನ ಹೆಸರಿನಲ್ಲಿ ತಾಸಿಗೊಮ್ಮೆ ಇಂಗ್ಲಿಷಿನಲ್ಲಿ ಗಂಟೆ ಹೇಳುತ್ತಿತ್ತು.

ಮೊನ್ನೆ ಮೊಸರು ಮಾರಲು ಬಂದ ಅಜ್ಜಿಯನ್ನು ವಿಚಾರಿಸಿದರೆ ಅವಳ ತವರು ಶಿರಹಟ್ಟಿಯ ಬಾಜು ಹಳ್ಳಿ ಎಂದಾಯಿತು. ಹುಡುಗ ಕಟ್ಟೆಯ ಮೇಲೆ ಕೂರಿಸಿ ಮೈಕು ಹಿಡಿದ. ಅಜ್ಜಿ ಇಪ್ಪತ್ತರ ತನಕ ಹೇಳಿ ನಿಲ್ಲಿಸಿದಳು.

"ಮುಂದಿಂದು ಹೇಳು ಆಯಿ."

"ಇಪ್ಪತ್ತು ಆತಲ್ಲ, ಮುಂದ ಮತ್ತ ಒಂದರಿಂದ ಎಣಸೂದು. ನಂಗ ಬರೂದು ಇಷ್ಟ. ರೊಕ್ಕ ಎಷ್ಟು ಕೊಡ್ತಿ?"

"ಇದರಾಗ ರೊಕ್ಕದ ಯವಾರ ಇಲ್ಲ ಆಯಿ, ಹವ್ಯಾಸದ್ದು."

ಅಜ್ಜಿ ಗಡಿಗೆ ತಲೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನಡೆದಳು. ಹೋಗುತ್ತ, ಉಳಿದದ್ದಕ್ಕೆ ಸಾಲಿಗೆ ಹೋಗುವ ಮೊಮ್ಮಗಳನ್ನು ರವಿವಾರ ಕರೆತರುತ್ತೇನೆ, ಆದರೆ ಅವಳಿಗೆ ಮಿರ್ಚಿ ಭಜಿ ಕೊಡಿಸಬೇಕು ಎಂದಳು. ಭಜಿ ರೊಕ್ಕದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹುಡುಗ ಈಗ ನಿಯಮದ ಪುಸ್ತಕ ತೆಗೆದು ಕೂತಿದ್ದಾನೆ.